ಬೇಸಿಗೆಯಲ್ಲಿ ಪಾಸಾದ ಡ್ರೈಯರ್ ಮಳೆಗಾಲ ದಾಟುವುದಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡಿದ ಡ್ರೈಯರ್‌ನ ಫೋಟೊ ನೋಡಿದೆ. ನಾಲ್ವರು ಹುಡುಗರು, ಒಬ್ಬ ಹುಡುಗಿ, ಪಕ್ಕದಲ್ಲಿ ಕೈಕಟ್ಟಿ ನಿಂತ ಮೇಷ್ಟ್ರು, ನಡುವೆ ಫಳಫಳ ಹೊಳೆಯುವ ತಗಡಿನ ಪೆಟ್ಟಿಗೆ. ಅಂಗಳದಲ್ಲಿ ವಾರ ಹಿಡಿಯುವ ಮುರುಗಲ (ಕೋಕಂ ಹಣ್ಣಿನ) ಸಿಪ್ಪೆ ಇದರಲ್ಲಿ ಎರಡೇ ದಿನಕ್ಕೆ ಒಣಗಿತು ಎಂದು ಬರೆದಿತ್ತು. ಒಣಗಿರಬಹುದು. ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಆ ಫೋಟೊ ತೆಗೆದ ತಿಂಗಳ ಮೇಲೆ. ಏಪ್ರಿಲ್‌ನಲ್ಲಿ ತೆಗೆದ ಫೋಟೊ ಅದು. ಅದೇ ಪೆಟ್ಟಿಗೆಯನ್ನು ಅದೇ ಜಾಗದಲ್ಲಿಟ್ಟು ಎರಡು ಮಳೆಗಾಲದ ನಂತರ ಇನ್ನೊಂದು ಫೋಟೊ ತೆಗೆದು ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾನು ಕುಮಟಾದಲ್ಲಿ ಹೆದ್ದಾರಿ ಬದಿಗೆ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡವ. ಐಟಿಐ ಫಿಟ್ಟರ್ ಮುಗಿಸಿ, ಇನ್ನೊಬ್ಬರ ಕೈಕೆಳಗೆ ನಾಲ್ಕು ವರ್ಷ ದುಡಿದು, ಸ್ವಂತ ಅಂಗಡಿ ಹಾಕಿ 34 ವರ್ಷವಾಯಿತು. ಗೇಟು, ಗ್ರಿಲ್ಲು, ಕೊಟ್ಟಿಗೆಯ ಶೆಡ್ಡು, ಬೋಟಿನವರ ಚೂರುಪಾರು ಕೆಲಸ ಇವೇ ನನ್ನ ಅನ್ನ. ಡ್ರೈಯರ್ ಮಾಡಲು ಹಿಡಿದು 12 ವರ್ಷ. ಮುರುಗಲಿಗೆ, ಕೊಬ್ಬರಿಗೆ, ಒಣಮೀನಿಗೆ, ಅಡಿಕೆಗೆ ಎಂದು ಈವರೆಗೆ 19 ಪೆಟ್ಟಿಗೆ ಮಾಡಿಕೊಟ್ಟಿದ್ದೇನೆ. ಅವುಗಳಲ್ಲಿ ಇವತ್ತಿಗೂ ಒಲೆ ಹೊತ್ತಿಸಿಕೊಳ್ಳುತ್ತಿರುವುದು ನಾಲ್ಕು. ಉಳಿದ 15ರ ಪಾಪ ನನ್ನ ತಲೆಯ ಮೇಲೂ ಇದೆ. ಹಾಗಾಗಿ ಯಾರನ್ನೋ ದೂರಲು ಕೂತವನ ಪತ್ರ ಇದು ಎಂದು ತಿಳಿಯಬೇಡಿ.

ಸತ್ತ ಪೆಟ್ಟಿಗೆ ಹೇಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ಕಡಲ ದಂಡೆಯಲ್ಲಿ ಮೀನು ಒಣಗಿಸುವ ಒಬ್ಬ ಹೆಂಗಸಿಗೆ ಮಾಡಿಕೊಟ್ಟದ್ದನ್ನು ಎರಡನೇ ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ನೋಡಲು ಹೋದೆ. ಹೊರಗಿನಿಂದ ಅಷ್ಟೇನೂ ಕೆಟ್ಟಿರಲಿಲ್ಲ, ತಗಡಿನ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಹುಡಿ, ಅಲ್ಲಲ್ಲಿ ಕಂದು ಮಚ್ಚೆ. ಬಾಗಿಲ ಹಿಂಜಿನ ಸ್ಕ್ರೂ ಬಿಚ್ಚೋಣ ಎಂದು ಸ್ಕ್ರೂಡ್ರೈವರ್ ಇಟ್ಟರೆ ತಲೆ ಕಳಚಿ ಕೈಗೆ ಬಂತು, ನೆನೆದ ಬಿಸ್ಕತ್ತಿನ ಹಾಗೆ. ಒಳಗೆ ಟ್ರೇ ಕೂರುವ ಆ್ಯಂಗಲ್ ಪದರ ಪದರವಾಗಿ ಎದ್ದಿತ್ತು. ಹೊಗೆಕೊಳವೆ ಮಾಡನ್ನು ದಾಟುವ ಕುತ್ತಿಗೆಯಲ್ಲಿ ಬೆರಳು ತೂರುವಷ್ಟು ತೂತು. ಆಕೆ ಬೈಯಲಿಲ್ಲ. "ಅಣ್ಣಾ, ಇದ್ರಲ್ಲಿ ಈಗ ಕೋಳಿ ಮೊಟ್ಟೆ ಇಡ್ತದೆ, ಅದಾದ್ರೂ ಆಗ್ತದಲ್ಲ" ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಪೆಟ್ಟಿಗೆ ಸತ್ತರೂ ಬ್ಯಾಂಕಿನ ಕಂತು ಸತ್ತಿರಲಿಲ್ಲ.

ಅದರಲ್ಲಿ ನನ್ನ ತಪ್ಪು ಏನಿತ್ತು ಎಂದು ಲೆಕ್ಕ ಕೊಡುತ್ತೇನೆ. ಜಿಐ ಶೀಟ್ ಎಂದರೆ ಕಬ್ಬಿಣದ ತಗಡಿಗೆ ಎರಡೂ ಮೈಗೆ ಸತುವಿನ ಲೇಪ. ಎಷ್ಟು ಸತು ಎನ್ನುವುದನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಅಳೆಯುತ್ತಾರೆ. 120 ಗ್ರಾಮಿನದೂ ಇದೆ, 275 ಗ್ರಾಮಿನದೂ ಇದೆ. ಅಂಗಡಿಯಲ್ಲಿ ನಿಂತು ನೋಡಿದರೆ ಎರಡೂ ಒಂದೇ ಬೆಳ್ಳಿ. ನಾವು ಕೇಳುವುದು ಗೇಜು, ಅಂದರೆ ತಗಡಿನ ದಪ್ಪ, ಸತುವಿನ ತೂಕವನ್ನು ಕೇಳುವವನು ಯಾರೂ ಇಲ್ಲ. ನಾನೂ ಕೇಳಿರಲಿಲ್ಲ. 120 ಗ್ರಾಮನ್ನು ಎರಡು ಮೈಗೆ ಹಂಚಿದರೆ ಒಂದೊಂದು ಮೈಗೆ 60 ಗ್ರಾಂ, ಅಂದರೆ ಸುಮಾರು 8 ಮೈಕ್ರಾನ್ ದಪ್ಪ. ತಲೆಗೂದಲಿನ ಎಂಟನೇ ಒಂದು ಪಾಲು ಎಂದಿಟ್ಟುಕೊಳ್ಳಿ. ಇನ್ನು ಸತು ಎಷ್ಟು ಬೇಗ ಸವೆಯುತ್ತದೆ ಎನ್ನುವುದಕ್ಕೆ ಅಂತಾರಾಷ್ಟ್ರೀಯ ಮಾನಕವೇ ಇದೆ, ಐಎಸ್‌ಒ 9223. ಅದರಲ್ಲಿ ಸಿ-5 ಎಂಬ ಕಠಿಣ ದರ್ಜೆಯ ಗಾಳಿಯಲ್ಲಿ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸತು ಹೋಗುತ್ತದೆ. ಭಾಗಿಸಿ ನೋಡಿ. ಒಂದರಿಂದ ಎರಡು ವರ್ಷ. ಆ ಅಕ್ಕನ ಪೆಟ್ಟಿಗೆ ಸರಿಯಾಗಿ ಎರಡನೇ ಮಳೆಗಾಲಕ್ಕೆ ಹೋಯಿತು. ಈ ಭಾಗಾಕಾರ ನನಗೆ ಗೊತ್ತಾದದ್ದು ಆಮೇಲೆ. ಪುಸ್ತಕದಲ್ಲಿ ಮೊದಲೇ ಇತ್ತು.

ಎರಡನೇ ತಪ್ಪು ನನ್ನ ಕಸುಬಿನದೇ. ಜಿಐ ತಗಡನ್ನು ವೆಲ್ಡ್ ಮಾಡಿದರೆ ಆ ಜಾಗದ ಸತು ಆವಿಯಾಗಿ ಹಾರಿಹೋಗುತ್ತದೆ. 907 ಡಿಗ್ರಿಗೆ ಕುದಿಯುವ ಲೋಹ ಅದು, ನಮ್ಮ ಆರ್ಕಿನ ಶಾಖಕ್ಕೆ ಎಲ್ಲಿ ನಿಲ್ಲಬೇಕು? ಬಿಳಿ ಹೊಗೆ ಏಳುತ್ತದೆ, ಅದನ್ನು ಕುಡಿದವನಿಗೆ ರಾತ್ರಿ ಚಳಿಜ್ವರ. ಹಾಲು ಕುಡಿ, ಬೆಲ್ಲ ತಿನ್ನು ಎಂದು ನಮ್ಮ ಉಸ್ತಾದರು ಹೇಳುತ್ತಿದ್ದರು, ಗಾಳಿಗೆ ಕೂತು ವೆಲ್ಡ್ ಮಾಡು ಎಂದು ಯಾರೂ ಹೇಳಲಿಲ್ಲ. ಸತು ಹೋದ ಗೆರೆಯ ಮೇಲೆ ನಾವು ಬೆಳ್ಳಿ ಪೇಂಟ್ ಬಳಿದು ಗಿರಾಕಿಗೆ ಒಪ್ಪಿಸುತ್ತೇವೆ. ಎಲ್ಲ ಪೆಟ್ಟಿಗೆಯೂ ಮೊದಲು ಬಾಯಿಬಿಡುವುದು ಆ ಗೆರೆಯಲ್ಲೇ.

ಆದರೆ ಮುಖ್ಯ ವಿಷಯ ಇದಲ್ಲ. ಇಷ್ಟೇ ಆಗಿದ್ದರೆ ದಪ್ಪ ಸತು ತನ್ನಿ, ರಿವೆಟ್ ಹೊಡೆಯಿರಿ ಎಂದು ಹೇಳಿ ಪತ್ರ ಮುಗಿಸಬಹುದಿತ್ತು. ಇನ್ನೊಂದು ಕಥೆ ಇದೆ.

ಅಘನಾಶಿನಿ ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬರಿಗೊಬ್ಬರು ಓರಗಿತ್ತಿಯರು. ಮನೆ ಹಿಸೆಯಾಗಿ ನಡುವೆ ಬರೀ ಒಂದು ಮಣ್ಣಿನ ದರೆ. ದೊಡ್ಡವರು ಡ್ರೈಯರ್ ಮಾಡಿಸಿದ್ದನ್ನು ಕಂಡು ಸಣ್ಣವರೂ ಮಾಡಿಸಿದರು. ಯಾಕೆ ಒಂದೇ ಸಾಕಾಗಲಿಲ್ಲ ಎಂದು ನಾನು ಕೇಳಲಿಲ್ಲ, ನನಗೆ ಎರಡು ಆರ್ಡರು ಸಿಕ್ಕಿತು. ಒಂದೇ ಬಂಡಲಿನ ಶೀಟು, ಒಂದೇ ಅಳತೆ, ಒಂದೇ ವಾರದಲ್ಲಿ ಮಾಡಿದ್ದು. ಕೆಳಗೆ ಕರಟ, ಸೋಗೆ, ತೆಂಗಿನ ಸಿಪ್ಪೆ ಉರಿಸುವ ಒಲೆ, ಅದರ ಹೊಗೆ ಪೈಪಿನೊಳಗೇ ಹೋಗಿ ಮೇಲೆ ಹೊರಬೀಳಬೇಕು, ಪೈಪಿನ ಹೊರಗೆ ಕಾದ ಗಾಳಿ ಮಾತ್ರ ಟ್ರೇಗಳ ನಡುವೆ ಏರಬೇಕು.

ದೊಡ್ಡವರದ್ದು ಬಹಳ ಅಚ್ಚುಕಟ್ಟು. ಜೂನ್ ಮೊದಲ ವಾರ ಮುರುಗಲು ಮುಗಿಯಿತೋ, ಟ್ರೇಗಳನ್ನೆಲ್ಲ ತಿಕ್ಕಿ ತೊಳೆದು, ಒಳಗೆ ಜೋಡಿಸಿ, ಬಾಗಿಲು ಹಾಕಿ, ಮೇಲಿಂದ ಕೆಳಗಿನವರೆಗೆ ತಾಡಪತ್ರಿ ಸುತ್ತಿ ಹಗ್ಗ ಬಿಗಿದುಬಿಟ್ಟರು. ಇಂಥ ಗಿರಾಕಿ ಸಿಗಬೇಕು ಎಂದು ನಾನೇ ಹೊಗಳಿದ್ದೆ. ಸಣ್ಣವರಿಗೆ ಶಾಲೆಗೆ ಹೋಗುವ ಮೂರು ಮಕ್ಕಳು. ಜುಲೈ ತಿಂಗಳು, ಸೂರ್ಯನ ಮುಖ ಕಾಣದೆ ಹತ್ತು ದಿನ, ಯೂನಿಫಾರ್ಮ್ ಒಣಗುವುದಿಲ್ಲ. ಅವರು ಮುರುಗಲ ಟ್ರೇ ಎಳೆದು ಬದಿಗಿಟ್ಟು ಚಡ್ಡಿ, ಅಂಗಿ, ಲಂಗ ನೇತುಹಾಕಿ ನಾಲ್ಕು ಕರಟ ಉರಿಸಿದರು. ದಿನಾ ಸಂಜೆ ಅದೇ ಕೆಲಸ. ಒಮ್ಮೆ ಹಪ್ಪಳವಂತೆ, ಒಮ್ಮೆ ಒದ್ದೆಯಾದ ಗೋಣಿಚೀಲವಂತೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು, ಆಹಾರ ಒಣಗಿಸಲು ಕೊಟ್ಟದ್ದರಲ್ಲಿ ಚಡ್ಡಿ ಒಣಗಿಸುತ್ತೀರಾ ಎಂದು ರೇಗಿದರಂತೆ.

ಮೂರನೇ ವರ್ಷ ದೊಡ್ಡವರ ಪೆಟ್ಟಿಗೆಯ ತಳ ಕಳಚಿತು. ಸಣ್ಣವರದ್ದು ಇವತ್ತಿಗೂ ಇದೆ. ಆ ನಾಲ್ಕರಲ್ಲಿ ಅದೂ ಒಂದು.

ಬಹಳ ದಿನ ಇದು ನನ್ನ ತಲೆ ತಿಂದಿತು. ಹೆಚ್ಚು ಬಳಸಿದ್ದು ಉಳಿಯಿತು, ಕಟ್ಟಿಟ್ಟದ್ದು ಹೋಯಿತು. ಆಮೇಲೆ ಹೊಳೆದದ್ದು ಇಷ್ಟೇ. ಡ್ರೈಯರ್ ತುಕ್ಕು ಹಿಡಿಯುವುದು ಓಡುವಾಗ ಅಲ್ಲ, ಕೂತಾಗ. ಓಡುವಾಗ ಅದರ ಒಳಗೆ ಒಣ ಗಾಳಿ. 28 ಡಿಗ್ರಿಯ, ಶೇಕಡಾ 90 ತೇವದ ಮಳೆಗಾಲದ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿದರೆ ಅದರ ತೇವ ಶೇಕಡಾ 28ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿದ್ದ ನೀರು ಎಲ್ಲೂ ಹೋಗಿಲ್ಲ, ಗಾಳಿಯ ಹೊಟ್ಟೆ ದೊಡ್ಡದಾಗಿದೆ, ಅದಕ್ಕೇ ಸಿಪ್ಪೆಯಿಂದ ಇನ್ನಷ್ಟು ನೀರು ಕುಡಿಯುತ್ತದೆ. ಒಣಗಿಸುವ ವಿದ್ಯೆಯೆಲ್ಲ ಇದೇ. ಒಲೆ ಆರಿತು ಎನ್ನಿ, ಅದೇ ಹೊಟ್ಟೆ ಕುಗ್ಗುತ್ತದೆ, ಕುಡಿದದ್ದನ್ನು ತಣ್ಣಗಿನ ತಗಡಿನ ಮೇಲೆ ಕಾರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದರೆ ಒಳಗಿನ ಮಾಡಿನಲ್ಲಿ ಹನಿ ಸಾಲು. ಅದಕ್ಕೇ ತೂತು ಬೀಳುವುದು ಒಲೆಯ ಬಾಯಿಯಲ್ಲಲ್ಲ, ಮೇಲೆ ಕುತ್ತಿಗೆಯಲ್ಲಿ, ಗಾಳಿ ತಣಿಯುವ ಜಾಗದಲ್ಲಿ. ಕಟ್ಟಿಗೆಯ ಹೊಗೆಯಲ್ಲಿ ವಿನೆಗರ್‌ನ ಜಾತಿಯದೇ ಆಮ್ಲ ಇರುತ್ತದೆ, ಅದೂ ಅಲ್ಲೇ ಇಬ್ಬನಿಯಾಗುತ್ತದೆ. ಸತುವಿಗೆ ಆಮ್ಲ ಕಂಡರಾಗದು.

ದೊಡ್ಡವರು ತೊಳೆದ ಟ್ರೇಯನ್ನು ಹಸಿಯಾಗಿಯೇ ಒಳಗಿಟ್ಟು ತಾಡಪತ್ರಿ ಬಿಗಿದಿದ್ದರು. ನಾಲ್ಕು ತಿಂಗಳು ಆ ನೀರು ಒಳಗೇ ಹಗಲು ಆವಿ, ರಾತ್ರಿ ಹನಿ. ಒಲೆಯ ಪೈಪಿನೊಳಗೆ ಬೂದಿ ಹಾಗೇ ಬಿಟ್ಟಿದ್ದರು. ಬೂದಿ ನೀರು ಹೀರುತ್ತದೆ, ಹಳೆಯವರು ಬೂದಿ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದರಲ್ಲ, ಅದೇ ಕ್ಷಾರ. ಪೈಪು ತೂತಾಗಿ ಮರುವರ್ಷ ಹೊಗೆ ಸಿಪ್ಪೆಗೇ ನುಗ್ಗಿತು.

ಇದಕ್ಕೆಲ್ಲ ಮೇಲೆ ಕೂತಿರುವುದು ಉಪ್ಪು. ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿ ಜೂನಿನಲ್ಲಿ ನೀರೊಡೆಯುತ್ತದೆ, ಬೇಸಿಗೆಯಲ್ಲಿ ಒಡೆಯುವುದಿಲ್ಲ. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರೆಳೆದು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಶಿಯಂ ಕ್ಲೋರೈಡೂ ಇರುವುದರಿಂದ ಅದಕ್ಕೆ ಅಷ್ಟು ತೇವವೂ ಬೇಡ, ಶೇಕಡಾ 33 ಸಾಕು. ಮೀನಿಗೆ ಸವರಿದ ಉಪ್ಪು ಟ್ರೇಯ ಅಂಚಿನಲ್ಲಿ, ಸ್ಕ್ರೂವಿನ ಕೆಳಗೆ, ಮಡಿಕೆಯ ಸಂದಿಯಲ್ಲಿ ಕೂತರೆ ಆ ಜಾಗ ಮಳೆಗಾಲ ಪೂರ್ತಿ ಒದ್ದೆ. ಕಣ್ಣಿಗೆ ಒದ್ದೆ ಕಾಣುವುದಿಲ್ಲ ಅಷ್ಟೇ.

ಮುರುಗಲಂತೂ ಇನ್ನೂ ಜೋರು. ನಮ್ಮಲ್ಲಿ ಸಿಪ್ಪೆಯನ್ನು ಅದರದೇ ರಸಕ್ಕೆ ಉಪ್ಪು ಬೆರೆಸಿ ಅದ್ದಿ ಅದ್ದಿ ಒಣಗಿಸುವ ಕ್ರಮ ಉಂಟು. ಹುಳಿ ಒಂದು ಕಡೆ, ಉಪ್ಪು ಇನ್ನೊಂದು ಕಡೆ, ಲೋಹಕ್ಕೆ ಬೇರೆ ಶತ್ರು ಬೇಕೇ? ಹಬ್ಬದ ಮುನ್ನಾದಿನ ಮನೆಯ ಹಿತ್ತಾಳೆ ದೀಪ ಬೆಳಗುವುದು ಹುಳಿ ಹಾಕಿಯೇ. ಒಂದು ಗಳಿಗೆಯಲ್ಲಿ ಕಿಲುಬು ಬಿಡಿಸುವ ವಸ್ತುವನ್ನು ಎರಡು ದಿನ 50 ಡಿಗ್ರಿಯಲ್ಲಿ ತಗಡಿನ ಮೇಲೆ ಹರಡುತ್ತೇವೆ ಎಂದರೆ ನಾವೇ ಅರ್ಥ ಮಾಡಿಕೊಳ್ಳಬೇಕಿತ್ತು. ನನ್ನ ಮೊದಲ ಡ್ರೈಯರ್‌ಗೆ ಜಿಐ ಜಾಲರಿಯ ಟ್ರೇ ಹಾಕಿದ್ದೆ. ಸಿಪ್ಪೆಯ ಅಡಿಯಲ್ಲಿ ಜಾಲರಿಯ ಚೌಕಳಿ ಅಚ್ಚು ಮೂಡಿ, ನಾಲಿಗೆಗಿಟ್ಟರೆ ನಾಣ್ಯ ಚೀಪಿದ ರುಚಿ. ವ್ಯಾಪಾರಿ ಅಷ್ಟನ್ನೂ ವಾಪಸು ಕಳಿಸಿದ. ಸತು ಹುಳಿಯಲ್ಲಿ ಕರಗಿ ಊಟಕ್ಕೆ ಸೇರಿದರೆ ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ಹಾಗಾಗಿ ಇದು ಪೆಟ್ಟಿಗೆಯ ಆಯುಸ್ಸಿನ ಮಾತು ಮಾತ್ರ ಅಲ್ಲ.

ಈಗ ಸಂಶೋಧನೆಯ ವಿಷಯಕ್ಕೆ ಬರುತ್ತೇನೆ. ಕೆಲವು ವರ್ಷದ ಹಿಂದೆ ಒಂದೇ ಕಾಲೇಜಿನಿಂದ ಎರಡು ತಂಡ ನನ್ನ ಅಂಗಡಿಗೆ ಬಂದವು, ಒಂದು ತಿಂಗಳ ಅಂತರದಲ್ಲಿ. ಮೊದಲನೆಯದು ಮೆಕ್ಯಾನಿಕಲ್, ಡ್ರೈಯರ್ ಮಾಡಿಸಲು. ಎರಡನೆಯದು ಕೆಮಿಸ್ಟ್ರಿ, ಮೈಲ್ಡ್ ಸ್ಟೀಲಿನ (ಎಂಎಸ್, ಅಂದರೆ ಸಾದಾ ಕಬ್ಬಿಣ) ಸಣ್ಣ ಸಣ್ಣ ತುಂಡು ಕತ್ತರಿಸಿಕೊಳ್ಳಲು. ಆ ತುಂಡನ್ನು ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ ಮುಳುಗಿಸಿ, ಯಾವುದೋ ಎಲೆಯ ಕಷಾಯ ಬೆರೆಸಿ, ತುಕ್ಕು ಎಷ್ಟು ತಗ್ಗಿತು ಎಂದು ತೂಗುವುದಂತೆ. ಒಳ್ಳೆಯ ಕೆಲಸವೇ, ಬಾಯ್ಲರ್ ತೊಳೆಯುವವರಿಗೆ, ಕಾರ್ಖಾನೆಯಲ್ಲಿ ಆ್ಯಸಿಡ್‌ನಿಂದ ತಗಡು ಶುದ್ಧ ಮಾಡುವವರಿಗೆ ಬೇಕಾದದ್ದು. "ತಮ್ಮಾ, ನಮ್ಮೂರಲ್ಲಿ ತಗಡಿನ ಮೇಲೆ ಹೈಡ್ರೋಕ್ಲೋರಿಕ್ ಯಾರೂ ಸುರಿಯುವುದಿಲ್ಲ, ಮುರುಗಲ ರಸ ಸುರಿಯುತ್ತಾರೆ, ಅದರಲ್ಲಿ ಮುಳುಗಿಸಿ ನೋಡಬಾರದಾ?" ಎಂದು ಕೇಳಿದೆ. ಹುಡುಗ ನಕ್ಕ, ಅದು ನಮ್ಮ ಟಾಪಿಕ್ ಅಲ್ಲ ಅಂಕಲ್ ಎಂದ. ಡ್ರೈಯರ್ ತಂಡದವರನ್ನು ಶೀಟ್ ಯಾವುದು ಹಾಕಲಿ ಎಂದು ಕೇಳಿದರೆ, ಯಾವುದಾದರೂ ಹಾಕಿ ಅಂಕಲ್, ಒಂದು ವಾರ ರೀಡಿಂಗ್ ತೆಗೆದರೆ ಆಯಿತು ಎಂದರು. ಒಂದೇ ಕಟ್ಟಡದ ಎರಡು ಮಹಡಿಯವರು. ಒಬ್ಬರಿಗೆ ತುಕ್ಕು ಬೇಡ, ಇನ್ನೊಬ್ಬರಿಗೆ ಡ್ರೈಯರ್ ಬೇಡ. ಎರಡೂ ಭೇಟಿಯಾದದ್ದು ನನ್ನ ಹಿತ್ತಲಲ್ಲಿ. ರೀಡಿಂಗ್ ಮುಗಿದ ಮೇಲೆ ಪೆಟ್ಟಿಗೆಯನ್ನು ಒಯ್ಯಲು ಅವರಿಗೆ ಲಾರಿ ಬಾಡಿಗೆ ಇರಲಿಲ್ಲ, ಇಲ್ಲೇ ಬಿಟ್ಟುಹೋದರು.

ಮಕ್ಕಳನ್ನು ಅಂದು ಏನೂ ಆಗಬೇಕಿಲ್ಲ. ದೊಡ್ಡ ಸಂಸ್ಥೆಗಳ ವಿದ್ಯೆಯೂ ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಬೇರೆ ಬೇರೆ ದಾರಿಯಲ್ಲೇ ಬರುತ್ತದೆ. ಆಹಾರಕ್ಕೆ ಮೈಸೂರಿನ ಸಿಎಫ್‌ಟಿಆರ್‌ಐ ಇದೆ, 1950ರಲ್ಲಿ ಶುರುವಾದದ್ದು. ತುಕ್ಕಿಗೆ ತಮಿಳುನಾಡಿನ ಕಾರೈಕುಡಿಯ ಸಿಇಸಿಆರ್‌ಐ, 1953ರಲ್ಲಿ ಬಾಗಿಲು ತೆರೆದದ್ದು. ಎರಡೂ ಸಿಎಸ್‌ಐಆರ್ ಎಂಬ, ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿಯ, ಒಂದೇ ತಾಯಿಯ ಮಕ್ಕಳು. ಮುರುಗಲಿನ ಜಾತಿಯದೇ ಆದ ನಮ್ಮ ಘಟ್ಟದ ಉಪ್ಪಾಗೆ ಹಣ್ಣಿನ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ಗುರುತಿಸಿದವರು ಮೈಸೂರಿನ ಲೂಯಿಸ್ ಮತ್ತು ನೀಲಕಂಠನ್. ಮುರುಗಲಿನಲ್ಲೂ ಮುಖ್ಯವಾಗಿ ಅದೇ ಹುಳಿ. ಕಾರೈಕುಡಿಯವರು ದೇಶದ ತುಕ್ಕಿನ ನಕ್ಷೆಯನ್ನೇ ಮಾಡಿದ್ದಾರೆ, ಮಂಟಪಂನಲ್ಲಿ ಕಡಲ ಬದಿಗೆ ಲೋಹದ ತುಂಡುಗಳನ್ನು ಇಟ್ಟು ನೋಡುವ ಕೇಂದ್ರವಿದೆ. ಹುಳಿ ಯಾವುದು ಎಂದು ಒಬ್ಬರಿಗೆ ಗೊತ್ತು, ಕಡಲ ಗಾಳಿ ಏನು ಮಾಡುತ್ತದೆ ಎಂದು ಇನ್ನೊಬ್ಬರಿಗೆ ಗೊತ್ತು. ನನ್ನ ಕೈಗೆ ಬರುವ ಡ್ರೈಯರ್ ಡ್ರಾಯಿಂಗಿನಲ್ಲಿ ಮಾತ್ರ "ಎಂಎಸ್ ಆ್ಯಂಗಲ್, ಜಿಐ ಶೀಟ್" ಎಂಬ ನಾಲ್ಕು ಶಬ್ದ.

ಉಪ್ಪಾಗೆಯ ಮಾತು ಬಂತು. ಅದು ಹಣ್ಣಾಗುವುದೇ ಮಳೆಗಾಲದಲ್ಲಿ. ಶಿರಸಿ, ಸಿದ್ದಾಪುರದ ಕಡೆ ಕಾಡಿನಿಂದ ಹೆಕ್ಕಿ ತಂದು ಬೆಂಕಿಯ ಮೇಲೆ ಅಟ್ಟ ಕಟ್ಟಿ ಒಣಗಿಸುತ್ತಾರೆ, ಕಟ್ಟಿಗೆ ರಾಶಿ ರಾಶಿ ಸುಡುತ್ತದೆ. ಡ್ರೈಯರ್ ನಿಜವಾಗಿ ಬೇಕಿರುವುದು ಅಲ್ಲಿ. ಹುಳಿ, ಹೊಗೆ, ಮಳೆ ಮೂರೂ ಒಟ್ಟಿಗೆ ಸೇರುವ ಆ ಜಾಗದಲ್ಲಿ ಬೇಸಿಗೆಯ ರೀಡಿಂಗು ಯಾವ ಪ್ರಯೋಜನಕ್ಕೆ?

ಸ್ಟೇನ್‌ಲೆಸ್ ಸ್ಟೀಲ್ ಹಾಕಿ ಎನ್ನುತ್ತಾರೆ. ಹಾಕಬಹುದು, ಮೂರು ಪಟ್ಟು ದುಡ್ಡು ಕೊಡುವವರಿದ್ದರೆ. ಅದರಲ್ಲೂ ಒಂದು ಮೋಸ ಉಂಟು. 304 ಎಂಬ ಸ್ಟೀಲಿನಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕೆಲ್. 202 ಎಂಬುದರಲ್ಲಿ ನಿಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ, ಅಗ್ಗ, ಕಡಲ ಗಾಳಿಗೆ ಬೇಗ ಚುಕ್ಕೆ ಬೀಳುತ್ತದೆ. ಗಿರಾಕಿಗಳು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಬರುತ್ತಾರೆ, ಅಂಟಲಿಲ್ಲ, ಹಾಗಾದರೆ ಅಸಲಿ ಎಂದು ಖುಷಿಪಡುತ್ತಾರೆ. 202 ಕೂಡ ಅಂಟುವುದಿಲ್ಲ ಮಾರಾಯ್ರೇ. ಅಸಲಿ 304 ತಂದರೂ ಅದಕ್ಕೆ ಸಾದಾ ಕಬ್ಬಿಣದ ಸ್ಕ್ರೂ ಹೊಡೆದರೆ ಮುಗಿಯಿತು. ಎರಡು ಲೋಹ ಉಪ್ಪುನೀರಿನಲ್ಲಿ ಮುಟ್ಟಿಕೊಂಡರೆ ಬ್ಯಾಟರಿಯ ಹಾಗೆ, ಬಡಪಾಯಿ ಲೋಹ ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ದೊಡ್ಡ ಸ್ಟೀಲ್ ಹಾಳೆಯ ನಡುವೆ ಸಣ್ಣ ಕಬ್ಬಿಣದ ಸ್ಕ್ರೂ ಎಷ್ಟು ದಿನ ಬಾಳೀತು?

ಕಬ್ಬಿಣವೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಅದರ ಅನ್ನ ತಿಂದವ. ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಒಂದು ಕಬ್ಬಿಣದ ಕಂಬ ಇದೆ, ನೋಡಿದವರಿಗೆ ಗೊತ್ತು. ಎಂಥ ಮಳೆ ಬೀಳುವ ಜಾಗ ಅದು. ಲೋಹಶಾಸ್ತ್ರಜ್ಞ ಟಿ.ಆರ್. ಅನಂತರಾಮನ್ ಅದರ ಬಗ್ಗೆ 1999ರಲ್ಲಿ ಬರೆದಿದ್ದಾರೆ. ನಾನು ಹೋದಾಗಲೆಲ್ಲ ದೇವಿಗೆ ಕೈಮುಗಿದು ಕಂಬಕ್ಕೂ ಒಂದು ಕೈ ಮುಗಿಯುತ್ತೇನೆ. ನಿಂತ ಕಂಬದ ಮೇಲೆ ನೀರು ನಿಲ್ಲುವುದಿಲ್ಲ, ಸಂದಿಯಿಲ್ಲ, ಸ್ಕ್ರೂ ಇಲ್ಲ, ತಾಡಪತ್ರಿ ಕಟ್ಟುವವರಿಲ್ಲ. ಕಸುಬಿನವನಿಗೆ ಅಷ್ಟು ಪಾಠ ಸಾಕು.

ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ಅಸ್ತ್ರ ಎಂಬ ವಿಭಾಗ ಶುರುಮಾಡಿದರು. ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಯಲ್ಲಿ ಕೇಂದ್ರವನ್ನೇ ಇಟ್ಟು ಕೆಲಸ ಮಾಡಿದರು. ಅಸ್ತ್ರ ಒಲೆ ನಮ್ಮ ಮನೆಯಲ್ಲೂ ಇತ್ತು. ಹಳ್ಳಿಯಲ್ಲಿ ಕೂತು ಮಾಡಿದ ಸಂಶೋಧನೆಗೂ, ವಾರದ ರೀಡಿಂಗಿನ ಸಂಶೋಧನೆಗೂ ಇರುವ ವ್ಯತ್ಯಾಸ ಆ ಒಲೆಯ ಮುಂದೆ ಕೂತು ಅಡುಗೆ ಮಾಡಿದ ನನ್ನ ಅಮ್ಮನಿಗೆ ಗೊತ್ತಿತ್ತು.

ನಾನೀಗ ಮಾಡುವ ಡ್ರೈಯರ್ ನೋಡಿದರೆ ನೀವು ಫೋಟೊ ಹಾಕಲಿಕ್ಕಿಲ್ಲ. ಟ್ರೇಗೆ ಅಡಿಕೆ ದಬ್ಬೆಯ ಚೌಕಟ್ಟು, ಅದಕ್ಕೆ ಆಹಾರಕ್ಕೆ ಆಗುವ ನೈಲಾನ್ ಬಲೆ. ಹಣ್ಣಿಗೆ ಲೋಹ ತಾಗುವುದೇ ಇಲ್ಲ. ನಮ್ಮ ಅಜ್ಜಿ ಅಟ್ಟದ ಮೇಲೆ ಬಿದಿರ ತಟ್ಟಿಯಲ್ಲಿ ಒಣಗಿಸುತ್ತಿದ್ದದ್ದು ಸುಮ್ಮನೆ ಅಲ್ಲ. ಹೊರಮೈಗೆ 275 ಗ್ರಾಂ ಸತುವಿನ ಶೀಟು, ಬಿಲ್ಲಿನಲ್ಲಿ ಅದನ್ನು ಬರೆಸಿಕೊಂಡೇ ತರುತ್ತೇನೆ. ವೆಲ್ಡಿಂಗ್ ಫ್ರೇಮಿಗೆ ಮಾತ್ರ, ತಗಡಿಗೆ ರಿವೆಟ್. ತಳಕ್ಕೆ ಇಳಿಜಾರು, ಮೂಲೆಯಲ್ಲಿ ನೀರು ಹೋಗಲು ತೂತು. ಕಾಲಿಗೆ ಚಿರೆಕಲ್ಲು. ಕುತ್ತಿಗೆಯ ಭಾಗ ಬೇರೆ ಬಿಚ್ಚಿ ಬದಲಿಸುವ ಹಾಗೆ, ಯಾಕೆಂದರೆ ಅದು ಹೋಗಿಯೇ ಹೋಗುತ್ತದೆ, ಹೋದಾಗ ಇಡೀ ಪೆಟ್ಟಿಗೆ ಎಸೆಯುವುದು ಬೇಡ. ಕೊಡುವಾಗ ಎರಡು ಮಾತು ಹೇಳುತ್ತೇನೆ. ಬೂದಿ ತೆಗೆಯಿರಿ, ತಾಡಪತ್ರಿ ಬಿಗಿಯಬೇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ನಾಲ್ಕು ಕರಟ ಉರಿಸಿ ಏನಾದರೂ ಒಣಗಿಸಿ, ಹಪ್ಪಳವೋ ಮಕ್ಕಳ ಚಡ್ಡಿಯೋ. ಟ್ರೇ ಬೇರೆ ಮಾಡಿಕೊಡುತ್ತೇನೆ.

ಇಷ್ಟು ಮಾಡಿದರೂ ಎಷ್ಟು ವರ್ಷ ಬಾಳುತ್ತದೆ ಎಂದು ಬರೆದುಕೊಡಲು ನನ್ನಿಂದಾಗದು. ಬರೆದುಕೊಡಬೇಕಾದವರು ಓದಿದವರು. ಸಂಶೋಧನೆ ಮಾಡುವ ಕಾಲೇಜುಗಳಲ್ಲಿ ನನ್ನ ಕೋರಿಕೆ, ಎಷ್ಟು ಗಂಟೆಯಲ್ಲಿ ಒಣಗಿತು ಎಂಬುದರ ಪಕ್ಕದಲ್ಲಿ ಯಾವ ತಗಡು, ಎಷ್ಟು ಗ್ರಾಂ ಸತು, ಯಾವ ಸ್ಕ್ರೂ, ಕಡಲಿನಿಂದ ಎಷ್ಟು ದೂರ ಎಂದೂ ಬರೆಯಿರಿ. ಪೆಟ್ಟಿಗೆಯನ್ನು ಹುಳಿ ಮೆತ್ತಿಕೊಂಡಂತೆಯೇ ಒಂದು ಮಳೆಗಾಲ ಸುಮ್ಮನೆ ಕೂರಿಸಿ, ಆಮೇಲೆ ತೆರೆದು ನೋಡಿ. ಕೆಮಿಸ್ಟ್ರಿಯವರನ್ನು ಮೇಲಿನ ಮಹಡಿಯಿಂದ ಕರೆಯಿರಿ, ಆ್ಯಸಿಡ್ ಬಾಟಲಿ ಅಲ್ಲೇ ಇರಲಿ, ಮುರುಗಲ ರಸ ನಾನು ಕೊಡುತ್ತೇನೆ. ಸಾಲ, ಸಬ್ಸಿಡಿ ಕೊಡುವ ಕಚೇರಿಗಳು ಇಷ್ಟು ಕೆ.ಜಿ. ಸಾಮರ್ಥ್ಯ ಎಂದು ಕೇಳುವ ಅರ್ಜಿಯಲ್ಲೇ ಇನ್ನೊಂದು ಗೆರೆ ಹಾಕಿ ತಗಡಿನ ವಿವರ ಕೇಳಲಿ. ಆ ಒಂದು ಗೆರೆ ಇದ್ದಿದ್ದರೆ 12 ವರ್ಷದ ಹಿಂದೆ ನಾನೂ ಶೀಟಿನ ಅಂಗಡಿಯಲ್ಲಿ ಸತು ಎಷ್ಟು ಎಂದು ಕೇಳುತ್ತಿದ್ದೆ.

ನಿಮ್ಮ ಫೋಟೊದ ಆ ಐವರು ಈ ಪತ್ರ ಓದಿದರೆ ಅವರಿಗೆ ಒಂದು ಮಾತು. ಹೋದ ಮೇ ತಿಂಗಳಲ್ಲಿ ಒಂದೇ ಶೀಟಿನಿಂದ ಅಂಗೈಯಗಲದ ನಾಲ್ಕು ತುಂಡು ಕತ್ತರಿಸಿ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ, ತೂಕವನ್ನು ಮೂಲೆಯಲ್ಲಿ ಕೊರೆದಿಟ್ಟಿದ್ದೇನೆ. ಒಂದು ಮೀನಿನ ಅಕ್ಕನ ಚಪ್ಪರದಲ್ಲಿ ನೇತಾಡುತ್ತಿದೆ, ಒಂದು ಓರಗಿತ್ತಿಯರ ನಡುವಿನ ದರೆಯ ಮೇಲೆ, ಒಂದು ನನ್ನ ಹಿತ್ತಲಲ್ಲಿ ನಿಮ್ಮ ಸೀನಿಯರ್‌ಗಳು ಬಿಟ್ಟುಹೋದ ಪೆಟ್ಟಿಗೆಯ ಒಳಗೆ. ನಾಲ್ಕನೆಯದನ್ನು ನಿಮ್ಮದೇ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದೇನೆ, ಹೋಲಿಸಲು. ಬಿಳಿ ತುಕ್ಕನ್ನು ತಗಡಿಗೆ ಏಟಾಗದ ಹಾಗೆ ತೊಳೆದು ತೂಗುವ ಕ್ರಮ ನನಗೆ ಬಾರದು, ನಿಮ್ಮ ಲ್ಯಾಬಿನವರಿಗೆ ಬರುತ್ತದೆ. ನವರಾತ್ರಿ ಕಳೆದ ಮೇಲೆ ಬನ್ನಿ, ಮೂರನ್ನೂ ಇಳಿಸೋಣ. ಹಿತ್ತಲಿಗೆ ಬರುವಾಗ ಹಾವು ನೋಡಿಕೊಂಡು ಬನ್ನಿ, ಪೆಟ್ಟಿಗೆಯ ಸುತ್ತ ಗಿಡ ಬೆಳೆದಿದೆ.

ಇತಿ,
ಒಬ್ಬ ವೆಲ್ಡಿಂಗ್ ಅಂಗಡಿಯವ,
ಕುಮಟಾ, ಉತ್ತರ ಕನ್ನಡ